ನಾಯಿಯ ಕಥೆಗೆ ಕುಳಿತ ಮಕ್ಕಳು

ಕನ್ನಡಿಗರ ನಾಲಗೆ ನಾಯಿಯ ವಿಷಯದಲ್ಲಿ ಎಂದೂ ನ್ಯಾಯವಾಗಿ ನಡೆದುಕೊಂಡಿಲ್ಲ. ಬಾಳು ಕೆಟ್ಟರೆ ಅದು ನಾಯಿಪಾಡು. ಕೊಟ್ಟ ಮಾತಿಗೆ ತಪ್ಪಿದವನದು ನಾಯಿಬುದ್ಧಿ. ಎಷ್ಟು ತಿದ್ದಿದರೂ ತಿದ್ದಿಕೊಳ್ಳದವನಿಗೆ ನಾಯಿಯ ಬಾಲವೇ ಉಪಮಾನ. ನಿಂದಕರ ಮಾತನ್ನು ತಳ್ಳಿಹಾಕಬೇಕಾದರೆ ‘ನಾಯಿ ಬೊಗಳಿದರೆ ದೇವಲೋಕ ಹಾಳೆ?’ ಎಂಬ ಗಾದೆ ಸಿದ್ಧವಾಗಿಯೇ ಇದೆ. ಜಗಲಿಯ ಮೇಲೆ ಮಲಗಿ, ಇರುಳೆಲ್ಲ ಎಚ್ಚರವಾಗಿದ್ದು, ಮಿಕ್ಕ ಅನ್ನಕ್ಕೂ ಬಾಲವಾಡಿಸುವ ಪ್ರಾಣಿಗೆ ಭಾಷೆಯು ಕೊಟ್ಟ ಸಂಬಳ ಇಷ್ಟೇ. ಆದರೆ ಅದೇ ಮನೆಯ ಮೂರು ವರ್ಷದ ಕೂಸು ಕಿಟಕಿಯ ಸರಳು ಹಿಡಿದು ನಿಂತು, ಬೀದಿಯ ಮರಿಯನ್ನು ಕಂಡು ಚಪ್ಪಾಳೆ ತಟ್ಟಿ ನಗುತ್ತದೆ. ಹಿರಿಯರ ತಾತ್ಸಾರಕ್ಕೂ ಕಿರಿಯರ ಮೋಹಕ್ಕೂ ನಡುವೆ ನಿಜವಾದ ನಾಯಿಯೊಂದು ಬೀದಿಯಲ್ಲಿ ಓಡಾಡುತ್ತಿರುತ್ತದೆ. ಅದರ ಪರಿಚಯವನ್ನು ಮಗುವಿಗೆ ಮಾಡಿಕೊಡತಕ್ಕವರು ಯಾರು?

ಊಟಕ್ಕೆ ಹಟ ಮಾಡುವ ಮಗುವನ್ನು ‘ತಿನ್ನದಿದ್ದರೆ ಬೌಬೌ ಬಂದು ಕಚ್ಚುತ್ತದೆ’ ಎಂದು ಹೆದರಿಸುವವಳು ತಾಯಿ. ಊಟ ಮುಗಿದ ಮೇಲೆ ಚಿತ್ರಪುಸ್ತಕವನ್ನು ತೆರೆದು, ಟೋಪಿ ಧರಿಸಿ ನಗುತ್ತಿರುವ ನಾಯಿಯನ್ನು ತೋರಿಸಿ, ‘ಮುತ್ತು ಕೊಡು’ ಎನ್ನುವವಳೂ ಆಕೆಯೇ. ಒಂದರಲ್ಲಿ ನಾಯಿ ರಾಕ್ಷಸ, ಇನ್ನೊಂದರಲ್ಲಿ ಬೊಂಬೆ. ರಾಕ್ಷಸನೆಂದು ನಂಬಿದ ಮಗು ನಾಯಿಯನ್ನು ಕಂಡೊಡನೆ ಕಿರಿಚಿಕೊಂಡು ಓಡುತ್ತದೆ; ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಸ್ವಭಾವ. ಬೊಂಬೆಯೆಂದು ನಂಬಿದ ಮಗು ಉಣ್ಣುತ್ತಿರುವ ನಾಯಿಯ ಬಾಲವನ್ನು ಹಿಡಿದು ಎಳೆಯುತ್ತದೆ. ಎರಡರ ಫಲವೂ ಒಂದೇ. ಹುಚ್ಚು ಹಿಡಿದಿರಬಹುದೆಂದು ಶಂಕಿಸಲಾದ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಆದುದರಿಂದ ಎಳೆಯರನ್ನು ಕೂಡಿಸಿಕೊಂಡು ನಾಯಿಯ ಕಥೆ ಹೇಳುವುದು ಬರಿಯ ಹೊತ್ತು ಕಳೆಯುವ ಕೆಲಸವಲ್ಲ. ಕಥೆ ನಿಜವಾಗಿದ್ದರೆ ಅದು ಮಗುವನ್ನೂ ಕಾಯುತ್ತದೆ, ನಾಯಿಯನ್ನೂ ಕಾಯುತ್ತದೆ.

ಬೆಂಗಳೂರಿನ ಯಾವುದಾದರೊಂದು ಬಡಾವಣೆ ಎಂದಿಟ್ಟುಕೊಳ್ಳಬಹುದು. ಅಲ್ಲೊಂದು ಪುಟ್ಟ ವಾಚನಾಲಯ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೇಜುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದೆ. ಮೂರರಿಂದ ಆರು ವರ್ಷದ ಹದಿನೆಂಟು ಮಕ್ಕಳು. ಕಥೆ ಹೇಳುವಾಕೆ ನಿವೃತ್ತ ಉಪಾಧ್ಯಾಯಿನಿ; ಮಕ್ಕಳಿಗೆ ‘ಅಜ್ಜಿ’. ಇಡೀ ಕೂಟಕ್ಕೆ ಆಕೆ ಗೊತ್ತುಮಾಡಿಕೊಂಡಿರುವ ಅವಧಿ ಅರ್ಧ ಗಂಟೆ. ಈ ವಯಸ್ಸಿನ ಮಗು ಐದಾರು ನಿಮಿಷ ಒಂದೇ ಕಡೆ ಮನಸ್ಸಿಟ್ಟು ಕೇಳಿದರೆ ಅದೇ ದೊಡ್ಡದು ಎಂಬುದನ್ನು ನಲವತ್ತು ಮಕ್ಕಳ ತರಗತಿಯಲ್ಲಿ ಕಲಿತು ಬಂದವರು ಮರೆಯುವುದಿಲ್ಲ. ಒಂದು ಕಥೆ, ಒಂದು ಆಟ, ಮತ್ತೊಂದು ಕಥೆ, ಕೊನೆಗೆ ಕೈಗೆ ಒಂದಿಷ್ಟು ಕೆಲಸ: ಇದು ಆಕೆಯ ಕ್ರಮ.

ಆಕೆ ಮೊದಲೇ ಕಥೆಗೆ ಕೈಹಾಕುವುದಿಲ್ಲ. ‘ನಿಮ್ಮ ಬೀದಿಯಲ್ಲಿ ನಾಯಿ ಇದೆಯೆ? ಅದರ ಬಣ್ಣ ಏನು?’ ಎಂದು ಕೇಳುತ್ತಾಳೆ. ಕೂಡಲೇ ಹದಿನೆಂಟು ನಾಯಿಗಳು ಜಮಖಾನದ ಮೇಲೆ ಬಂದು ನಿಲ್ಲುತ್ತವೆ. ಒಂದು ಕೆಂಚ, ಒಂದು ಕರಿಯ, ಒಂದಕ್ಕೆ ಕಿವಿ ಅರ್ಧ ಇಲ್ಲ, ಒಂದು ಹಾಲಿನವನ ಸೈಕಲ್ಲಿನ ಹಿಂದೆ ಓಡುತ್ತದೆ. ಒಬ್ಬ ಹುಡುಗಿ ಮಾತ್ರ ಬಾಗಿಲ ಬಳಿ ತಾಯಿಯ ಸೆರಗು ಹಿಡಿದು ನಿಂತಿದ್ದಾಳೆ; ನಾಯಿ ಎಂಬ ಮಾತೇ ಅವಳಿಗೆ ಆಗದು. ‘ಹೋಗಿ ಕೂತುಕೋ, ಏನಾಗುತ್ತದೆ?’ ಎಂದು ತಾಯಿ ತಳ್ಳುತ್ತಾಳೆ. ‘ಇರಲಿ ಬಿಡಮ್ಮ, ಅಲ್ಲಿಂದಲೂ ಕಥೆ ಕೇಳಿಸುತ್ತದೆ’ ಎನ್ನುತ್ತಾಳೆ ಅಜ್ಜಿ. ಭಯವನ್ನು ನಾಲ್ಕು ಜನರ ಮುಂದೆ ಎಳೆದು ತಂದರೆ ಅದು ಕರಗುವುದಿಲ್ಲ, ನಾಚಿಕೆಯನ್ನೂ ಜೊತೆಗೆ ಕಟ್ಟಿಕೊಳ್ಳುತ್ತದೆ.

ಬಾಯಿ ಪಳಗಿಸುವುದಕ್ಕೆ ಜಿ. ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯ ಇದ್ದೇ ಇದೆ. ಆ ಪದ್ಯ ಕೇಳದೆ ಬೆಳೆದ ಕನ್ನಡದ ಮಕ್ಕಳು ವಿರಳ. ಮಕ್ಕಳಲ್ಲಿ ಅರ್ಧ ಮಂದಿ ಮರಿಗಳಾಗಿ, ಇನ್ನರ್ಧ ಮಂದಿ ಮನೆಯವರಾಗಿ ಎದುರುಬದುರು ನಿಂತು ಹೇಳಿದರೆ ಅದರ ಸೊಗಸು ತಿಳಿಯುತ್ತದೆ. ಅಲ್ಲಿ ಮರಿ ಬೇಡುವುದಷ್ಟೇ ಅಲ್ಲ, ತಿಂದದ್ದಕ್ಕೆ ತಾನೇನು ಮಾಡುವೆನೆಂಬುದನ್ನೂ ಹೇಳುತ್ತದೆ. ಮನುಷ್ಯನೂ ನಾಯಿಯೂ ಸಾವಿರಾರು ವರ್ಷಗಳ ಹಿಂದೆ ಮಾಡಿಕೊಂಡ ಒಪ್ಪಂದ, ನಾಲ್ಕು ವರ್ಷದ ಮಗುವಿನ ಬಾಯಿಗೆ ಹಿಡಿಸುವಷ್ಟು ಚಿಕ್ಕದಾಗಿ ಅಲ್ಲಿ ಕುಳಿತಿದೆ.

ಅನಂತರ ಮೊದಲನೆಯ ಕಥೆ. ಇದಕ್ಕಾಗಿ ಪರದೇಶದ ಪುಸ್ತಕಗಳನ್ನು ಹುಡುಕಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ದೊರೆತಿದೆ. ಅದು ಶಕವರ್ಷ 872ರದು, ಎಂದರೆ ಕ್ರಿ. ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿ ಗೆದ್ದ ಯುದ್ಧವನ್ನು ತಿಳಿಯಲು ಚರಿತ್ರಕಾರರು ಆ ಶಾಸನವನ್ನು ಓದುತ್ತಾರೆ. ಮಕ್ಕಳಿಗೆ ಬೇಕಾದುದು ಆ ಯುದ್ಧವಲ್ಲ. ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರುವ ಚಿತ್ರ. ಅಲ್ಲಿ ಒಂದು ನಾಯಿ ಒಂದು ಕಾಡುಹಂದಿಯೊಡನೆ ಸೆಣಸುತ್ತಿದೆ.

ಮಣಲೇರನೆಂಬ ವೀರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಒಡೆಯನು ಮೆಚ್ಚಿ, ‘ಏನು ಬೇಕೋ ಕೇಳು’ ಎಂದ. ಇಲ್ಲಿ ಅಜ್ಜಿ ನಿಲ್ಲಿಸುತ್ತಾಳೆ. ‘ನೀವಾಗಿದ್ದರೆ ಏನು ಕೇಳುತ್ತಿದ್ದಿರಿ?’ ಚಿನ್ನ, ಕುದುರೆ, ವಿಮಾನ, ಒಂದು ಅಂಗಡಿ ತುಂಬ ಚಾಕೊಲೇಟು. ‘ಅವನು ಇದಾವುದನ್ನೂ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೊಡಿ ಎಂದ.’ ಮಕ್ಕಳಿಗೆ ಆಶ್ಚರ್ಯವಾಗುವುದು ಇಲ್ಲಿಯೇ, ಹಿರಿಯರಿಗೂ ಆಗುತ್ತದೆ. ಕಾಳಿ ಅವನ ಜೊತೆಗೆ ಬಂದಿತು. ಬೆಳತೂರಿನ ಪಡುವಣ ದಿಕ್ಕಿನ ದಿಣ್ಣೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟಾಗ, ನಾಯಿಯೂ ಹಂದಿಯೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನೆಡಿಸಿದ. ಅದಕ್ಕೆ ಭೂಮಿಯನ್ನೂ ಬಿಟ್ಟ. ಆ ಸ್ಥಳವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಟ್ಟುವುದೆಂದು ಬರೆಸಿದ. ಬೈಗುಳಕ್ಕೆ ನಾಯಿಯ ಹೆಸರನ್ನು ಹಿಡಿಯುವ ಜನರ ಹಿರಿಯರೇ ನಾಯಿಯ ಕಲ್ಲಿಗೆ ಪೂಜೆ ನಡೆಯಲೆಂದು ಕಟ್ಟುಮಾಡಿದರು. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕೇಳಿದ ಕಥೆಯ ಕಲ್ಲನ್ನು ಕಣ್ಣಾರೆ ಕಾಣುವ ಭಾಗ್ಯ ಎಷ್ಟು ಮಕ್ಕಳಿಗುಂಟು?

ಕಥೆ ಮುಗಿದ ಮೇಲೆ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: ‘ಅಜ್ಜಿ, ಕಾಳಿ ಮತ್ತೆ ಏಳಲಿಲ್ಲವೆ?’

ಹಿಂದಿನ ಸಾಲಿನಲ್ಲಿ ಕುಳಿತ ತಾಯಂದಿರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಇಷ್ಟು ಚಿಕ್ಕವರಿಗೆ ಸಾವಿನ ಮಾತು ಏಕೆ ಎಂಬ ಶಂಕೆ ಅವರದು. ಕಾಳಿ ನಿದ್ರೆ ಮಾಡುತ್ತಿದೆ ಎಂದು ಹೇಳಿಬಿಡುವುದು ಸುಲಭ. ಆದರೆ ಹಾಗೆ ಹೇಳಿಸಿಕೊಂಡ ಮಗು ಆ ರಾತ್ರಿ ತಾನು ಮಲಗುವುದಕ್ಕೇ ಹೆದರಬಹುದು. ‘ಇಲ್ಲ ಮಗು, ಏಳಲಿಲ್ಲ. ಮಣಲೇರನಿಗೆ ತುಂಬ ದುಃಖವಾಯಿತು. ಮರೆಯಬಾರದು ಎಂದು ಕಲ್ಲು ಹಾಕಿಸಿದ’ ಎನ್ನುತ್ತಾಳೆ ಅಜ್ಜಿ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂದಿಗೆ ಯಾಕೆ ಕಲ್ಲು ಹಾಕಿಸಲಿಲ್ಲ?’ ಎನ್ನುತ್ತಾನೆ. ಅದಕ್ಕೆ ಅಜ್ಜಿಯಲ್ಲಿಯೂ ಉತ್ತರವಿಲ್ಲ. ‘ಅದೇ ಕಲ್ಲಿನಲ್ಲಿ ಹಂದಿಯೂ ಇದೆಯಲ್ಲ’ ಎಂದು ಆಕೆ ಚಿತ್ರವನ್ನು ತೋರಿಸುತ್ತಾಳೆ. ಮಗು ಒಪ್ಪುತ್ತದೆ; ಪೂರ್ತಿಯಾಗಿ ಒಪ್ಪುವುದಿಲ್ಲ. ಮಗುವಿನ ತಲೆಯಲ್ಲಿ ಒಂದು ಪ್ರಶ್ನೆಯನ್ನು ಉಳಿಸಿ ಕಳಿಸಿದರೆ ನಷ್ಟವೇನೂ ಇಲ್ಲ.

ಇಷ್ಟು ಹೊತ್ತಿಗೆ ಕಾಲುಗಳು ಚಡಪಡಿಸತೊಡಗುತ್ತವೆ. ಈಗ ಎಲ್ಲರೂ ಎದ್ದು ನಿಲ್ಲಬೇಕು. ಅಜ್ಜಿ ಹಳೆಯ ಕಾಲುಚೀಲಕ್ಕೆ ಗುಂಡಿಯ ಕಣ್ಣು, ಬಟ್ಟೆಯ ಕಿವಿ ಹೊಲಿದು ಮಾಡಿದ ನಾಯಿಯನ್ನು ಕೈಗೆ ತೊಡಿಸಿಕೊಳ್ಳುತ್ತಾಳೆ. ನಾಯಿಗೆ ಮಾತು ಬರುವುದಿಲ್ಲ, ಆದರೆ ಮೈಯೆಲ್ಲ ಬಾಯಿ. ಬಾಲ ಕಾಲುಗಳ ನಡುವೆ ಸೇರಿದ್ದರೆ ಅದಕ್ಕೆ ಹೆದರಿಕೆ. ಕಿವಿ ಹಿಂದಕ್ಕೆ ಒರಗಿ, ತುಟಿ ಮೇಲೆದ್ದು, ಹಲ್ಲು ಕಂಡರೆ ‘ದೂರ ಹೋಗು’ ಎಂದು ಅರ್ಥ. ಮೈಯನ್ನು ಮರಗಟ್ಟಿದಂತೆ ಬಿಗಿಹಿಡಿದು ದಿಟ್ಟಿಸುತ್ತಿದ್ದರೂ ಅದೇ ಅರ್ಥ. ಬಾಲವಾಡಿಸಿದ ನಾಯಿಯೆಲ್ಲ ಸ್ನೇಹದ ನಾಯಿಯಲ್ಲ. ಮಕ್ಕಳು ಒಂದೊಂದನ್ನೂ ತಾವೇ ಅಭಿನಯಿಸಿ ತೋರಿಸುತ್ತಾರೆ. ಹೆದರಿದ ನಾಯಿಯಾಗಿ ನಿಂತ ಮಗುವಿಗೆ ಹೆದರಿದ ನಾಯಿಯ ಮನಸ್ಸು ಹತ್ತಿರವಾಗುತ್ತದೆ. ಬಾಯಿಮಾತಿನ ಉಪದೇಶದಿಂದ ಅಷ್ಟು ಆಗುವುದಿಲ್ಲ.

ಆಮೇಲೆ ಮರದ ಆಟ. ಅಜ್ಜಿಯ ಕೈಯ ನಾಯಿ ಬೊಗಳುತ್ತ ಬಂದೊಡನೆ ಎಲ್ಲರೂ ಮರವಾಗಬೇಕು: ಓಡಕೂಡದು, ಕಿರಿಚಕೂಡದು, ಕೈಗಳನ್ನು ಮೈಗೆ ಸೇರಿಸಿ, ನೆಲ ನೋಡುತ್ತ ಅಲ್ಲಾಡದೆ ನಿಲ್ಲಬೇಕು. ನಾಯಿ ಮೂಸಿ ನೋಡಿ, ಬೇಸರವಾಗಿ, ತನ್ನ ದಾರಿ ಹಿಡಿಯುತ್ತದೆ. ಎಡವಿ ಬಿದ್ದರೆ ಮರ ಕಲ್ಲಾಗಬೇಕು: ಮಂಡಿ ಮಡಿಸಿ, ಮುದುಡಿಕೊಂಡು, ಕೈಗಳಿಂದ ಕತ್ತು ಕಿವಿಗಳನ್ನು ಮುಚ್ಚಿಕೊಳ್ಳಬೇಕು. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಈ ಮೂರರ ಹತ್ತಿರ ಹೋಗಲೇಬಾರದು. ಸಾಕಿದ ನಾಯಿಯಾದರೂ ಯಜಮಾನನನ್ನು ಕೇಳದೆ ಮುಟ್ಟಬಾರದು. ಆತ ಒಪ್ಪಿದ ಮೇಲೂ ನಾಯಿಯೇ ಬಂದು ಕೈ ಮೂಸುವವರೆಗೆ ಕಾದು, ತಲೆಯ ಮೇಲೆ ಕೈ ತರದೆ, ಪಕ್ಕೆಯನ್ನೋ ಹೆಗಲನ್ನೋ ಸವರಬೇಕು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಮಾತ್ರ ಆ ದಿನ ಯಾರೂ ಬಾಯಿಗೆ ತರಕೂಡದು. ಅದು ಮನುಷ್ಯರಿಗೆ ಹೊಂದಬಹುದು. ನಾಯಿಗಳು ಆ ಗಾದೆಯನ್ನು ಕೇಳಿಲ್ಲ.

ಎರಡನೆಯ ಕಥೆ ಮಹಾಭಾರತದ್ದು. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿಯ ಕಥೆ ಎಲ್ಲರಿಗೂ ಗೊತ್ತು: ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆನೆಂದ ಆತನ ಮಾತು ಪ್ರಸಿದ್ಧ. ಆದರೆ ಅದೇ ಗ್ರಂಥದ ಆದಿಪರ್ವದ ಮೊದಲಲ್ಲೇ ಮತ್ತೊಂದು ನಾಯಿ ಇರುವುದು ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ಜನಮೇಜಯ ರಾಜನು ಕುರುಕ್ಷೇತ್ರದಲ್ಲಿ ಯಾಗ ಮಾಡುತ್ತಿದ್ದಾಗ ಅಲ್ಲಿಗೊಂದು ನಾಯಿಮರಿ ಬಂದಿತು. ರಾಜನ ತಮ್ಮಂದಿರು ಅದನ್ನು ಹೊಡೆದರು. ಮರಿ ಅಳುತ್ತ ತಾಯಿಯಾದ ಸರಮೆಯ ಬಳಿಗೆ ಓಡಿತು. ‘ನೀನೇನೋ ತಪ್ಪು ಮಾಡಿರಬೇಕು’ ಎಂದಳು ತಾಯಿ. ‘ಇಲ್ಲಮ್ಮ, ಯಾಗದ ಪದಾರ್ಥವನ್ನು ನಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ’ ಎಂದಿತು ಮರಿ. ಸರಮೆ ನೆಟ್ಟಗೆ ಯಾಗಶಾಲೆಗೆ ಬಂದು ಕೇಳಿದಳು: ‘ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ?’ ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಿರಪರಾಧಿಯನ್ನು ಹೊಡೆದುದರಿಂದ ಕಾಣದ ಕಡೆಯಿಂದ ಭಯ ಬರಲಿ ಎಂದು ಶಪಿಸಿ ಆಕೆ ಹೊರಟುಹೋದಳು, ರಾಜನು ಕಳವಳಗೊಂಡ.

ಈ ಕಥೆಯನ್ನು ಹೇಳುವಾಗ ನೀತಿಯನ್ನು ಬಿಡಿಸಿ ಹೇಳುವ ಚಪಲವನ್ನು ತಡೆದುಕೊಳ್ಳಬೇಕು. ಸರಮೆಯ ಪ್ರಶ್ನೆಯೊಂದೇ ಸಾಕು. ನಿನ್ನೆ ಸಂಜೆ ಮಲಗಿದ್ದ ನಾಯಿಗೆ ಕಲ್ಲು ಬೀಸಿದ ಹುಡುಗ ಆ ಮುಂಚಿನ ಸಾಲಿನಲ್ಲಿಯೇ ಕುಳಿತಿರುತ್ತಾನೆ. ಅವನು ತಲೆ ತಗ್ಗಿಸಿದರೆ ಅಷ್ಟೇ ಸಾಕು, ಬೆರಳು ತೋರಿಸಬೇಕಾಗಿಲ್ಲ.

ಇಂಥ ಕೂಟಕ್ಕೆ ನಿಜವಾದ ನಾಯಿಯನ್ನೇ ಕರೆತಂದರೆ ಹೇಗೆ ಎಂದು ಉತ್ಸಾಹಿಗಳು ಕೇಳುವುದುಂಟು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲಿ ಅಂಥ ಪ್ರಯತ್ನವೊಂದು ಮೊದಲಾಯಿತು. ಗ್ರಂಥಾಲಯದಲ್ಲಿ ಮಕ್ಕಳು ನಾಯಿಯ ಪಕ್ಕದಲ್ಲಿ ಕುಳಿತು ಅದಕ್ಕೆ ಪುಸ್ತಕ ಓದಿ ಹೇಳುತ್ತಾರೆ. ಓದುವಾಗ ತೊದಲುವ ಮಗು ಮೇಷ್ಟರ ಮುಂದೆ ನಡುಗುತ್ತದೆ. ನಾಯಿ ತಿದ್ದುವುದಿಲ್ಲ, ನಗುವುದಿಲ್ಲ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸುವುದೂ ಇಲ್ಲ. ಉಪಾಯ ಚೆಲುವಾದದ್ದೇ. ಆದರೆ ಅಲ್ಲಿಗೆ ಬರುವವು ಪರೀಕ್ಷೆಯಲ್ಲಿ ತೇರ್ಗಡೆಯಾದ ನಾಯಿಗಳು. ಜೊತೆಗೆ ತರಬೇತಿ ಪಡೆದ ಒಡೆಯರಿರುತ್ತಾರೆ. ಮನೆಯಲ್ಲಿ ಸಾಧುವಾಗಿರುವ ನಾಯಿ ಹದಿನೆಂಟು ಮಕ್ಕಳ ಗದ್ದಲದ ನಡುವೆಯೂ ಸಾಧುವಾಗಿರುತ್ತದೆ ಎನ್ನುವುದಕ್ಕೆ ಯಾರೂ ಹೊಣೆಯಾಗಲಾರರು. ಬಾಗಿಲ ಬಳಿಯ ಹುಡುಗಿಯನ್ನೂ ಮರೆಯುವಂತಿಲ್ಲ. ಕಾಲುಚೀಲದ ನಾಯಿಯೇ ಸಾಕು. ಬೇಕಾದರೆ 2005ರಲ್ಲಿ ಅಂಚೆ ಇಲಾಖೆ ಹೊರತಂದ ಮುಧೋಳ ನಾಯಿಯ ಅಂಚೆಚೀಟಿಯನ್ನು ತೋರಿಸಿ, ‘ಇದು ನಮ್ಮ ಬಾಗಲಕೋಟೆ ಜಿಲ್ಲೆಯ ನಾಯಿ’ ಎಂದು ಹೆಮ್ಮೆಪಡಬಹುದು.

ಕೊನೆಯದು ಕೈಕೆಲಸ. ಕಾಗದದ ಪಟ್ಟಿಯನ್ನು ತಲೆಯ ಸುತ್ತಳತೆಗೆ ಅಂಟಿಸಿ, ಎರಡು ಕಿವಿಗಳನ್ನು ಕತ್ತರಿಸಿ ಹಚ್ಚುವುದು. ಕೈಗೆ ಕೆಲಸ ಸಿಕ್ಕಾಗ ಮಕ್ಕಳ ಬಾಯಿ ತಾನಾಗಿ ಬಿಚ್ಚುತ್ತದೆ. ಕಥಾಕೂಟದ ಅತಿ ಮುಖ್ಯವಾದ ಮಾತು ಅನೇಕ ವೇಳೆ ಕಥೆಯಲ್ಲಿ ಬರುವುದಿಲ್ಲ, ಅಂಟಿನ ಬಟ್ಟಲಿನ ಮುಂದೆ ಬರುತ್ತದೆ. ಹಂದಿಗೆ ಕಲ್ಲು ಕೇಳಿದ ಹುಡುಗನೇ ಕಿವಿ ಅಂಟಿಸುತ್ತ, ತಲೆಯೆತ್ತದೆ, ‘ಅಜ್ಜಿ, ನಾನು ಉಣ್ಣುವ ನಾಯಿಯ ಬಾಲ ಎಳೆದೆ. ಗುರುವಾರ. ಇಲ್ಲಿ ಕಚ್ಚಿತು’ ಎಂದು ಮೊಣಕಾಲಿನ ಹಿಂಭಾಗವನ್ನು ತೋರಿಸಿದನೆಂದು ಇಟ್ಟುಕೊಳ್ಳಿ. ಎರಡು ಸಣ್ಣ ಗುರುತುಗಳು; ಒಣಗಿವೆ. ಅಮ್ಮನಿಗೆ ಹೇಳಿಲ್ಲವೇಕೆ? ‘ಬಯ್ಯುತ್ತಾಳೆ.’

ಈ ಒಂದು ಮಾತಿಗಾಗಿ ಇಡೀ ಅರ್ಧ ಗಂಟೆಯನ್ನು ವೆಚ್ಚ ಮಾಡಿದರೂ ದಂಡವಲ್ಲ. ಹುಚ್ಚುನಾಯಿಯ ರೋಗ ಒಮ್ಮೆ ತಲೆದೋರಿದರೆ ಬದುಕುವವರು ಇಲ್ಲವೆಂದೇ ಹೇಳಬಹುದು. ತಲೆದೋರುವ ಮೊದಲು ಲಸಿಕೆ ಬಿದ್ದರೆ ಸಾಯಬೇಕಾದ ಕಾರಣವೇ ಇಲ್ಲ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ತನ್ನ ಲಸಿಕೆಯನ್ನು ಮೊದಲು ಹಾಕಿಸಿದ್ದೂ ಒಂಬತ್ತು ವರ್ಷದ ಹುಡುಗನಿಗೇ. ಎರಡು ದಿನ ಮೊದಲು ನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಬದುಕಿ ಉಳಿದ. ಒಂದು ಕಾಲದಲ್ಲಿ ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ಹಿರಿಯರೇ ಹೆದರುತ್ತಿದ್ದರು. ಈಗ ತೋಳಿಗೆ ಹಾಕುವ ಕೆಲವೇ ಚುಚ್ಚುಮದ್ದುಗಳು. ಕಚ್ಚಿದ ತತ್‍ಕ್ಷಣ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಅರಿಸಿನ ಯಾವುದನ್ನೂ ಮೆತ್ತಬಾರದು. ಉಗುರು ತಗಲಿ ರಕ್ತ ಬಂದಿದ್ದರೂ ಸರಿಯೇ, ಅಂದೇ ವೈದ್ಯರಲ್ಲಿಗೆ ಹೋಗಬೇಕು. ದಿನಗಳು ಕಳೆದಿದ್ದರೆ ‘ಇನ್ನೇನು ಪ್ರಯೋಜನ’ ಎಂದು ಸುಮ್ಮನಿರದೆ ಕೂಡಲೇ ಹೋಗಬೇಕು. ಇಷ್ಟೆಲ್ಲ ವಿದ್ಯೆ ಇದ್ದೂ ಮಗುವೊಂದು ಬಯ್ಗುಳದ ಭಯದಿಂದ ಬಾಯಿ ಮುಚ್ಚಿಕೊಂಡಿದ್ದರೆ ಪಾಶ್ಚರನೂ ಏನೂ ಮಾಡಲಾರ.

ಅಜ್ಜಿ ಕಿರಿಚುವುದಿಲ್ಲ. ‘ಹೇಳಿದೆಯಲ್ಲ, ಜಾಣ’ ಎಂದು ಅವನ ತಲೆ ಸವರಿ, ತಾಯಿಯನ್ನು ಪಕ್ಕಕ್ಕೆ ಕರೆಯುತ್ತಾಳೆ. ತಾಯಿಯ ಮುಖ ಬಿಳಿಚಿಕೊಳ್ಳುತ್ತದೆ. ಮರುಕ್ಷಣವೇ ಕೈ ಮೇಲೇಳುತ್ತದೆ. ಭಯವೇ ಕೋಪದ ವೇಷ ಹಾಕಿ ಬರುವುದು ಎಲ್ಲ ಮನೆಗಳಲ್ಲಿಯೂ ಉಂಟು. ‘ಈಗ ಹೊಡೆಯಬೇಡಮ್ಮ. ಈಗ ಹೊಡೆದರೆ ಮುಂದಿನ ಸಲ ಅವನು ಹೇಳುವುದಿಲ್ಲ. ನೆಟ್ಟಗೆ ಆಸ್ಪತ್ರೆಗೆ ಹೊರಡು, ಕಿವಿ ಒಣಗಿದ ಮೇಲೆ ನಾನೇ ಮನೆಗೆ ತಂದುಕೊಡುತ್ತೇನೆ.’ ಆಟೋ ಬರುತ್ತದೆ. ಹುಡುಗ ಹೊರಡುವ ಮೊದಲು ಕೇಳುತ್ತಾನೆ: ‘ನಾಯಿಯನ್ನು ಹೊಡೆಯುತ್ತಾರೆಯೆ, ಅಜ್ಜಿ? ಬಾಲ ಎಳೆದವನು ನಾನು.’ ಸರಮೆಯ ಕಥೆ ತಲುಪಬೇಕಾದ ಕಡೆಗೆ ತಲುಪಿದೆ.

ಮಕ್ಕಳಿರುವ ಮನೆಗಳಲ್ಲಿ ಹಿರಿಯರು ಇಂದೇ ಒಂದು ಮಾತು ಕೊಡಬಹುದು: ‘ನಾಯಿ ಕಚ್ಚಿತು ಎಂದು ಬಂದು ಹೇಳಿದರೆ ಬಯ್ಯುವುದಿಲ್ಲ.’ ಇದಕ್ಕೆ ಜಮಖಾನವೂ ಬೇಡ, ವಾಚನಾಲಯವೂ ಬೇಡ. ರಾತ್ರಿ ಮಲಗುವ ಮುನ್ನ ಕಾಳಿಯ ಕಥೆ ಹೇಳಿ, ಕೊನೆಗೆ ಈ ಮಾತನ್ನು ಸೇರಿಸಿದರೆ ಆಯಿತು.

ಕೂಟ ಮುಗಿದು ಮಕ್ಕಳು ಕಾಗದದ ಕಿವಿಗಳನ್ನು ಧರಿಸಿ ಮೆಟ್ಟಿಲಿಳಿಯುತ್ತಾರೆ. ಬಾಗಿಲ ಬಳಿಯ ಹುಡುಗಿ ಕಿವಿಯನ್ನು ಹಾಕಿಕೊಂಡಿಲ್ಲ, ಕೈಯಲ್ಲಿ ಹಿಡಿದಿದ್ದಾಳೆ. ಎದುರಿನ ಹೊಂಗೆಮರದ ಕೆಳಗೆ ಬಡಾವಣೆಯ ಕೆಂಚ ಮಲಗಿದ್ದಾನೆ. ಸದ್ದಿಗೆ ಕಣ್ಣು ತೆರೆದು ತಲೆಯೆತ್ತುತ್ತಾನೆ. ಒಬ್ಬ ಹುಡುಗ ‘ಮರ!’ ಎಂದು ಪಿಸುಗುಟ್ಟುತ್ತಾನೆ. ರಸ್ತೆಯ ಅಂಚಿನಲ್ಲಿ ಸಾಲಾಗಿ ಮರಗಳು ಏಳುತ್ತವೆ, ಎಲ್ಲಕ್ಕೂ ನಾಯಿಕಿವಿ. ಆ ಹುಡುಗಿಯೂ ತಾಯಿಯ ಸೆರಗನ್ನು ಬಿಟ್ಟು, ಕೈಗಳನ್ನು ಮೈಗೆ ಸೇರಿಸಿ ನಿಲ್ಲುತ್ತಾಳೆ. ಇಷ್ಟು ಮರಗಳು ಒಮ್ಮೆಗೇ ಎಲ್ಲಿಂದ ಬಂದವೆಂದು ಕೆಂಚ ಕ್ಷಣಕಾಲ ನೋಡಿ, ಬಾಯಿ ಅಗಲಿಸಿ ಆಕಳಿಸಿ, ಮತ್ತೆ ಮಲಗಿಬಿಡುತ್ತಾನೆ.